ಶಿರಸಿ ಕಡೆಯ ಮನೆಯಲ್ಲಿ ಕರೆಂಟು ಹೋದ ಮೇಲೆ ಉಬುಂಟುವಿನಲ್ಲಿ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಪ್ಯಾಕೇಜ್, ಅಂದರೆ ತಂತ್ರಾಂಶದ ಕಟ್ಟು, ಹಾಕಲಾಗುತ್ತಿಲ್ಲ. ಮರಳಿ ಇನ್‌ಸ್ಟಾಲ್ ಮಾಡಲೇಬೇಕೆ?

ಬೇಡ. ಮಳೆಗಾಲದ ಒಂದು ಸಂಜೆ ಅಪ್‌ಗ್ರೇಡ್ ನಡೆಯುತ್ತಿದ್ದಾಗ ಕರೆಂಟು ಹೋಯಿತು, ಮರುದಿನದಿಂದ ಏನು ಹಾಕಹೋದರೂ ‘ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್’ ಎಂಬ ಸಾಲು ಬರುತ್ತಿದೆ, ಆದರೆ ಗೂಗಲ್ ಸರ್ವರಿನ ವಿಳಾಸವಾದ 8.8.8.8ಕ್ಕೆ ಪಿಂಗ್ (ಸಂಪರ್ಕ ತಲುಪುತ್ತದೆಯೇ ಎಂದು ನೋಡುವ ಪರೀಕ್ಷೆ) ಹೋಗುತ್ತಿದೆ ಎಂದು ನೀವು ಬರೆದಿದ್ದೀರಿ. ಆ ಕೊನೆಯ ಮಾತೇ ಮುಖ್ಯವಾದದ್ದು. ಕಾರವಾರದ ನನ್ನ ಮನೆಯಲ್ಲಾದರೆ ಉಪ್ಪುಗಾಳಿಗೆ ಕೇಬಲ್ಲಿನ ತುದಿ ಕಿಲುಬು ಹಿಡಿದಿದೆಯೇ ಎಂದು ಮೊದಲು ನೋಡುತ್ತೇನೆ. ನಿಮ್ಮಲ್ಲಿ ಅದರ ಅಗತ್ಯವಿಲ್ಲ, ಏಕೆಂದರೆ ತಂತಿ, ರೌಟರ್, ಐಪಿ ವಿಳಾಸ ಎಲ್ಲವೂ ಸರಿಯಾಗಿವೆ. ಕೆಟ್ಟಿರುವುದು ಹೆಸರನ್ನು ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆ ಮಾತ್ರ. ‘ಟೆಂಪರರಿ’ ಎಂದಿದೆಯಲ್ಲ ಎಂದು ತಾನಾಗಿ ಸರಿಹೋಗಲೆಂದು ಎರಡು ದಿನ ಕಾದವರನ್ನು ನಾನು ಬಲ್ಲೆ, ನೀವು ಕಾಯಬೇಡಿ.

ಎಲ್ಲರೂ ನೆಟ್‌ವರ್ಕ್ ಸರಿಪಡಿಸಿದ ಮೇಲೆ ಪ್ಯಾಕೇಜುಗಳತ್ತ ಬರುತ್ತಾರೆ. ನಿಮ್ಮ ಸಂದರ್ಭದಲ್ಲಿ ಇದನ್ನು ತಿರುಗಿಸಿ ಮಾಡಬೇಕು. ಮೊದಲು ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಆಜ್ಞೆಯನ್ನು ಕೊಡಿ. (ಡಿಪಿಕೆಜಿ ಎಂದರೆ ಪ್ಯಾಕೇಜುಗಳನ್ನು ಹಾಕುವ ಸಾಧನ. ಆಜ್ಞೆಯನ್ನು ಇಲ್ಲಿ ಓದುವ ಹಾಗೆ ಬರೆದಿದ್ದೇನೆ, ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ಕರೆಂಟು ಹೋದಾಗ ಬಿಚ್ಚಿಟ್ಟ ಸ್ಥಿತಿಯಲ್ಲೇ ನಿಂತುಹೋದ ಪ್ಯಾಕೇಜುಗಳನ್ನು ಇದು ಪೂರ್ಣಗೊಳಿಸುತ್ತದೆ, ಮತ್ತು ಅವು ಈಗಾಗಲೇ ಡಿಸ್ಕಿನಲ್ಲಿರುವುದರಿಂದ ಇದಕ್ಕೆ ಇಂಟರ್ನೆಟ್ ಬೇಕಾಗಿಲ್ಲ. ಹೊಸ ಉಬುಂಟು ಆವೃತ್ತಿಗಳಲ್ಲಿ ಡಿಎನ್‌ಎಸ್ ನೋಡಿಕೊಳ್ಳುವ ‘ಸಿಸ್ಟಮ್‌ಡಿ-ರಿಸಾಲ್ವ್‌ಡಿ’ ಕೂಡ ಒಂದು ಬೇರೆಯೇ ಪ್ಯಾಕೇಜು. ಅದು ಅರ್ಧಕ್ಕೆ ನಿಂತಿದ್ದರೆ ನಿಮ್ಮ ತೊಂದರೆ ಅಲ್ಲಿಯೇ ಇದೆ. ಯಂತ್ರವು ಪ್ರತಿಯೊಂದು ಹೆಸರನ್ನೂ 127.0.0.53 ಎಂಬ ತನ್ನೊಳಗಿನ ವಿಳಾಸದಲ್ಲಿ ಕೇಳುತ್ತದೆ, ಆದರೆ ಉತ್ತರಿಸಲು ಅಲ್ಲಿ ಯಾರೂ ಇರುವುದಿಲ್ಲ.

ಒಂದೇ ಹೊತ್ತಿಗೆ ಎರಡು ಪ್ರೋಗ್ರಾಂಗಳು ಪ್ಯಾಕೇಜು ಹಾಕದಂತೆ ತಡೆಯುವ ಲಾಕ್ ಫೈಲ್ ಬೇರೆ ಪ್ರೋಗ್ರಾಂನ ವಶದಲ್ಲಿದೆ ಎಂಬ ದೂರು ಬಂದರೆ ಆ ಫೈಲನ್ನು ಅಳಿಸಬೇಡಿ. ಹಿನ್ನೆಲೆಯಲ್ಲಿ ತಾನಾಗಿ ಓಡುವ ಅಪ್‌ಗ್ರೇಡ್ ಅದನ್ನು ಹಿಡಿದಿರಬಹುದು. ಅದು ಮುಗಿಯುವವರೆಗೆ ಬಿಡಿ.

ಇಷ್ಟಾದ ಮೇಲೂ ಹೆಸರುಗಳು ಸಿಗದಿದ್ದರೆ, ಹೆಸರನ್ನು ಯಾರಲ್ಲಿ ಕೇಳಬೇಕೆಂದು ಹೇಳುವ ‘/ಇಟಿಸಿ/ರಿಸಾಲ್ವ್.ಕಾನ್ಫ್’ ಫೈಲ್ ಯಾವುದಕ್ಕೆ ಕೊಂಡಿಯಾಗಿದೆ, ಆ ಕೊಂಡಿಯ ಇನ್ನೊಂದು ತುದಿಯಲ್ಲಿ ಫೈಲ್ ಇದೆಯೇ ಎಂದು ನೋಡಿ. ಇಲ್ಲವಾದರೆ ಕೊಂಡಿಯನ್ನು ತೆಗೆದು, ಅದೇ ಹೆಸರಿನ ಫೈಲಿನಲ್ಲಿ ‘ನೇಮ್‌ಸರ್ವರ್ 8.8.8.8’ ಎಂಬ ಒಂದೇ ಸಾಲನ್ನು ಬರೆದು, ‘ಸುಡೊ ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಕೊಡಬಹುದು (ಎಪಿಟಿ ಎಂದರೆ ಇಂಟರ್ನೆಟ್ಟಿನಿಂದ ಪ್ಯಾಕೇಜು ತರಿಸುವ ಸಾಧನ). ಇದು ತಾತ್ಕಾಲಿಕ ಉಪಾಯವಷ್ಟೇ. ಕೆಲಸ ಮುಗಿದೊಡನೆ ಹಳೆಯ ಕೊಂಡಿಯನ್ನು ಮರಳಿ ಹಾಕಿ.

ಇನ್ನೊಂದು ತೊಡಕು ನಿಮಗೆ ಎದುರಾಗಬಹುದೆಂದು ನನ್ನ ಊಹೆ, ಏಕೆಂದರೆ ಯಂತ್ರ ಹಳೆಯದೆಂದೂ ಮಳೆಗಾಲದಲ್ಲಿ ಅದನ್ನು ದಿನಗಟ್ಟಲೆ ಆಫ್ ಮಾಡಿಟ್ಟಿರುತ್ತೀರೆಂದೂ ಹೇಳಿದ್ದೀರಿ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ಗಡಿಯಾರ ಹಿಂದೆ ಬೀಳುತ್ತದೆ. ಆಗ ಎಪಿಟಿಯು ಸರ್ವರಿನ ರಿಲೀಸ್ ಫೈಲ್ (ಪ್ಯಾಕೇಜು ಪಟ್ಟಿಯ ದಿನಾಂಕವಿರುವ ಫೈಲ್) ‘ಇನ್ನೂ ಸಿಂಧುವಾಗಿಲ್ಲ’ ಎಂದು ನಿರಾಕರಿಸುತ್ತದೆ; ಅದರ ಲೆಕ್ಕದಲ್ಲಿ ಆ ಫೈಲ್ ನಾಳೆಯದು. ಸಾಮಾನ್ಯವಾಗಿ ಯಂತ್ರ ಇಂಟರ್ನೆಟ್ಟಿನಿಂದ ವೇಳೆಯನ್ನು ಸರಿಪಡಿಸಿಕೊಳ್ಳುತ್ತದೆ, ಆದರೆ ವೇಳೆ ಕೊಡುವ ಸರ್ವರನ್ನೂ ಹೆಸರಿನಿಂದಲೇ ಹುಡುಕಬೇಕಾದ್ದರಿಂದ ಡಿಎನ್‌ಎಸ್ ಕೆಟ್ಟ ದಿನ ಗಡಿಯಾರವೂ ಕೆಟ್ಟೇ ಇರುತ್ತದೆ. ‘ಟೈಮ್‌ಡೇಟ್‌ಸಿಟಿಎಲ್’ ಎಂದು ಟೈಪ್ ಮಾಡಿ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನೊಂದಿಗೆ ಹೋಲಿಸಿ. ನನ್ನ ಯಂತ್ರದಲ್ಲಿ ಇದನ್ನು ಕಂಡುಕೊಳ್ಳುವ ಮೊದಲು ಒಂದಿಡೀ ಭಾನುವಾರ ರೌಟರನ್ನು ಬೈಯುತ್ತ ಕಳೆದಿದ್ದೆ. ಸಾಮಾನ್ಯವಾಗಿ ಬೇಕಾಗುವುದು ಸಿಆರ್2032 ಬ್ಯಾಟರಿ, ಅದು ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಡಿಪಿಕೆಜಿ ಯಾವುದಾದರೂ ಪ್ಯಾಕೇಜಿನಲ್ಲಿ ಮತ್ತೆ ನಿಂತರೆ, ಕೊನೆಯ ಸಾಲನ್ನಷ್ಟೇ ಅಲ್ಲ, ಮೊದಲ ಬಾರಿಗೆ ‘ಎರರ್’ ಎಂದು ಕಾಣಿಸಿದ ಸಾಲನ್ನು ಪೂರ್ತಿಯಾಗಿ ಇಲ್ಲಿ ಬರೆಯಿರಿ.