ಓದುಗರ ಪ್ರಶ್ನೆಗಳು: ಮಿಷನರಿ ಗೀತೆ ಬರೆದವರ ಬದುಕು

ಪ್ರಶ್ನೆ: ಮಿಷನ್ ಭಾನುವಾರದ ಪ್ರಸಂಗದಲ್ಲಿ ಬಿಷಪ್ ರೆಜಿನಾಲ್ಡ್ ಹೀಬರ್ ಅವರ ವಿಷಯ ಹೇಳಬೇಕೆಂದಿದ್ದೇನೆ. ಗ್ರೀನ್‌ಲ್ಯಾಂಡಿನ ಹಿಮದ ಬೆಟ್ಟಗಳಿಂದ ಶುರುವಾಗಿ ಭಾರತದ ಹವಳದ ತೀರಕ್ಕೆ ಬರುವ ಅವರ ಗೀತೆಯನ್ನು, ನಮ್ಮ ದೇಶದ ಸ್ಥಿತಿ ಕಣ್ಣಾರೆ ಕಂಡು ಬರೆದರು ಎಂದು ಕೇಳಿದ್ದೇನೆ. ಹಾಗೆ ಹೇಳಬಹುದೇ? (ಸಭಾಪಾಲಕರು, ಉಡುಪಿ)

ದಯವಿಟ್ಟು ಹೇಳಬೇಡಿ. ಗೀತೆ ಹುಟ್ಟಿದ್ದು 1819ರಲ್ಲಿ, ಹೀಬರ್ ಬಿಷಪ್ ಆಗಿ ಕಲ್ಕತ್ತೆಗೆ ಬಂದಿಳಿದದ್ದು 1823ರಲ್ಲಿ. ಬರೆಯುವಾಗ ಅವರು ಇಂಗ್ಲೆಂಡಿನ ಹಾಡ್‌ನೆಟ್ ಎಂಬ ಹಳ್ಳಿಯ ಸಭಾಪಾಲಕರು. ಪೆಂತೆಕೊಸ್ತ್ ಹಬ್ಬದ ಹಿಂದಿನ ಶನಿವಾರ ವೇಲ್ಸ್‌ನ ರೆಕ್ಸ್‌ಹ್ಯಾಮಿನಲ್ಲಿ ಮಾವನ ಮನೆಯಲ್ಲಿದ್ದರು. ಮಾವ ವಿಲಿಯಂ ಶಿಪ್ಲಿ, ಸೇಂಟ್ ಏಸಫ್ ಮಹಾದೇವಾಲಯದ ಡೀನ್. ಮಾರನೆಯ ದಿನ ಮಿಷನ್ ಕೆಲಸಕ್ಕೆ ಕಾಣಿಕೆ ಎತ್ತುವುದಿತ್ತು, ಅದಕ್ಕೊಂದು ಹಾಡು ಬೇಕು ಎಂದು ಮಾವ ಕೇಳಿದರು. ಹೀಬರ್ ಅದೇ ಕೋಣೆಯ ಇನ್ನೊಂದು ಮೂಲೆಗೆ ಹೋಗಿ ಕೂತು ಮೂರು ಚರಣ ಬರೆದು ಓದಿದರು. ‘ಇಷ್ಟು ಸಾಕು’ ಎಂದರು ಮಾವ. ಅರ್ಥ ಇನ್ನೂ ಪೂರ್ತಿಯಾಗಿಲ್ಲವೆಂದು ಅಳಿಯ ನಾಲ್ಕನೆಯದನ್ನು ಸೇರಿಸಿದರು. ಇನ್ನೂ ಒಂದು ಬರೆಯುತ್ತೇನೆಂದು ಕೇಳಿಕೊಂಡರೂ ಮಾವ ಬಿಡಲಿಲ್ಲ. ಮರುದಿನ ಅಲ್ಲಿನ ಜನ ಅದನ್ನು ಆಗ ಬಳಕೆಯಲ್ಲಿದ್ದ ಒಂದು ಲಾವಣಿಯ ಧಾಟಿಯಲ್ಲಿ ಹಾಡಿದರು. ಇವತ್ತು ಪಿಯಾನೋ ಪುಸ್ತಕದಲ್ಲಿ ಕಾಣುವ ‘ಮಿಷನರಿ ಹಿಮ್’ ರಾಗವನ್ನು ಕೂಡಿಸಿದ್ದು ಕೆಲವು ವರ್ಷಗಳ ನಂತರ, ಅಮೆರಿಕದ ಸವಾನಾ ಊರಿನಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದ ಲೋವೆಲ್ ಮೇಸನ್.

ಎರಡನೆಯ ಚರಣದಲ್ಲಿ ಸಿಂಹಳ ದ್ವೀಪದ ಚೆಲುವನ್ನು ಹೊಗಳಿ, ಅಲ್ಲಿನ ಮನುಷ್ಯ ಮಾತ್ರ ನೀಚ ಎನ್ನುವ ಮಾತು ಬರುತ್ತದೆ. ಹೀಬರ್ ಸಿಂಹಳಕ್ಕೆ ಕಾಲಿಟ್ಟದ್ದು 1825ರಲ್ಲಿ, ಅಂದರೆ ಆ ಸಾಲು ಬರೆದು ಆರು ವರ್ಷದ ಮೇಲೆ. ಈ ಮಾತು ತಮಗೆ ಚುಚ್ಚಿದೆಯೆಂದು ಗಾಂಧೀಜಿ 1925ರಲ್ಲಿ ಕಲ್ಕತ್ತೆಯಲ್ಲಿ ಮಿಷನರಿಗಳ ಎದುರಿಗೇ ಹೇಳಿದರು. ಅವರು ನೊಂದದ್ದು ನ್ಯಾಯವೇ. ಎಷ್ಟೋ ಗೀತಪುಸ್ತಕಗಳು ಆಮೇಲೆ ಆ ಚರಣವನ್ನೇ ಕೈಬಿಟ್ಟವು. ನೀವೂ ಅದನ್ನು ಬಿಟ್ಟು ಹಾಡಿಸಿ.

ಪ್ರಸಂಗಕ್ಕೆ ನಿಜವಾಗಿ ಒದಗುವುದು ಹೀಬರ್ ಅವರ ಕೊನೆಯ ಎರಡು ವರ್ಷ. 1824ರ ಜೂನ್‌ನಲ್ಲಿ ಕಲ್ಕತ್ತೆ ಬಿಟ್ಟು ಗಂಗೆಯ ಮೇಲೆ ದೋಣಿಯಲ್ಲಿ ಹೊರಟವರು ಉತ್ತರ ಭಾರತವನ್ನೆಲ್ಲ ಸುತ್ತಿ, ಮುಂಬಯಿ, ಸಿಂಹಳ ನೋಡಿಕೊಂಡು 1825ರ ಕೊನೆಗೆ ಮರಳಿದರು. ಆ ಪ್ರಯಾಣದ ದಿನಚರಿ 1828ರಲ್ಲಿ ಅಚ್ಚಾಯಿತು. ಅದರಲ್ಲಿ ದಾರಿಯಲ್ಲಿ ಕಂಡ ಜನರ ಬಗ್ಗೆ ಇರುವ ಅಕ್ಕರೆಯನ್ನು ಆ ಎರಡನೆಯ ಚರಣದ ಪಕ್ಕದಲ್ಲಿಟ್ಟು ನೋಡಿ. 1826ರ ಈಸ್ಟರ್ ಹಬ್ಬ ಮಾಡಿದ್ದು ತಂಜಾವೂರಿನಲ್ಲಿ. ಏಪ್ರಿಲ್ 3ರ ಬೆಳಗ್ಗೆ ತಿರುಚಿರಾಪಳ್ಳಿಯಲ್ಲಿ ತಮಿಳು ಸಭೆಯವರಿಗೆ ದೃಢೀಕರಣ ಸಂಸ್ಕಾರ ನಡೆಸಿ ಬಂದು ಸ್ನಾನದ ಕೊಳಕ್ಕೆ ಇಳಿದವರು ಅಲ್ಲೇ ತೀರಿಕೊಂಡರು. ಆಗ ವಯಸ್ಸು 42. ಸಮಾಧಿ ತಿರುಚಿಯ ಸೇಂಟ್ ಜಾನ್ಸ್ ದೇವಾಲಯದೊಳಗಿದೆ.

ಪ್ರಶ್ನೆ: ಹಾಗಾದರೆ ಮಿಷನರಿ ಗೀತೆ ಬರೆದವರಲ್ಲಿ ಹೊರದೇಶಕ್ಕೆ ಹೋದವರೇ ಇಲ್ಲವೇ?

ಹೆಸರಾದ ಗೀತೆಗಳ ಮಟ್ಟಿಗೆ, ಮನೆಯಲ್ಲೇ ಉಳಿದವರೇ ಹೆಚ್ಚು. ಬೈಬಲಿನ 72ನೆಯ ಕೀರ್ತನೆಯನ್ನು 1719ರಲ್ಲಿ ಮಿಷನ್ ಗೀತೆಯಂತೆ ತಿರುಗಿಸಿ ಬರೆದ ಐಸಾಕ್ ವಾಟ್ಸ್ ಇಂಗ್ಲೆಂಡಿನಲ್ಲೇ ಇದ್ದರು. ಅದೇ ಕೀರ್ತನೆಯ ಮೇಲೆ 1821ರಲ್ಲಿ ಬರೆದ ಜೇಮ್ಸ್ ಮಾಂಟ್‌ಗೊಮೆರಿ ಶೆಫೀಲ್ಡಿನ ಪತ್ರಿಕಾ ಸಂಪಾದಕ, ಬರಹಕ್ಕಾಗಿ ಎರಡು ಸಲ ಯಾರ್ಕ್ ಕೋಟೆಯ ಸೆರೆಮನೆ ಕಂಡವರು. ಆದರೆ ಅವರ ತಂದೆ ತಾಯಿ ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದ ಮಿಷನರಿಗಳಾಗಿ ವೆಸ್ಟ್ ಇಂಡೀಸ್‌ಗೆ ಹೋಗಿ ಅಲ್ಲೇ ಮಣ್ಣಾದರು. ಮಾಂಟ್‌ಗೊಮೆರಿಯವರಿಗೆ ಮಿಷನ್ ಎಂದರೆ ಹುಡುಗನಾಗಿದ್ದಾಗಲೇ ತಂದೆ ತಾಯಿಯಿಂದ ದೂರವಾದದ್ದು. ಅವರ ಗೀತೆ ಓದುವಾಗ ಇದನ್ನು ಮರೆಯಬಾರದು.

ಪ್ರಶ್ನೆ: ಇಂಗ್ಲೆಂಡಿನ ಗೀತರಚನೆಕಾರ್ತಿ ಫ್ರಾನ್ಸಿಸ್ ಹ್ಯಾವರ್ಗಲ್ ತಮ್ಮ ಒಡವೆಗಳನ್ನೆಲ್ಲ ಮಿಷನ್‌ಗೆ ಕೊಟ್ಟು, ಆಮೇಲೆ ‘ನನ್ನ ಬೆಳ್ಳಿ ಬಂಗಾರ ತಕ್ಕೋ’ ಎಂಬ ಅರ್ಥದ ಸಾಲು ಬರೆದರಂತೆ. ನಿಜವೇ?

ಕೊಟ್ಟದ್ದು ನಿಜ, ಕ್ರಮ ತಿರುಗಿದೆ. ಗೀತೆ 1874ರ ಫೆಬ್ರವರಿಯದು. ಒಡವೆ ಕಳುಹಿಸಿದ್ದು 1878ರ ಆಗಸ್ಟ್‌ನಲ್ಲಿ, ಚರ್ಚ್ ಮಿಷನರಿ ಸೊಸೈಟಿಗೆ. ಸುಮಾರು ಐವತ್ತು ಒಡವೆಗಳ ಜೊತೆ ಅವನ್ನಿಡುವ ಪೆಟ್ಟಿಗೆಯೂ ಹೋಯಿತು. ತಂದೆ ತಾಯಿಯ ನೆನಪಿನ ಒಂದೆರಡು ಬ್ರೋಚ್ ಮತ್ತು ತೀರಿಹೋದ, ಒಡಹುಟ್ಟಿದವರ ಮಗಳ ಚಿತ್ರವಿದ್ದ ಲಾಕೆಟ್ ಮಾತ್ರ ಇಟ್ಟುಕೊಂಡರು. ಬರೆದ ಸಾಲು ನಾಲ್ಕು ವರ್ಷ ಕಾಡಿ ಕೊನೆಗೆ ಕೈಯಿಂದ ಕೊಡಿಸಿತು ಎನ್ನುವುದೇ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. 1879ರ ಜೂನ್‌ನಲ್ಲಿ ಅವರು ತೀರಿಕೊಂಡರು.

ಪ್ರಶ್ನೆ: ಕ್ವೈರ್‌ಗಾಗಿ ಹೀಬರ್ ಗೀತೆಯ ರಾಗಕ್ಕೆ ಕನ್ನಡ ಪದ ಕೂಡಿಸುತ್ತಿದ್ದೇನೆ. ಅಕ್ಷರ ಎಣಿಸಿ ಹಾಕಿದರೂ ಹಾಡುವಾಗ ಪದ ಒಡೆಯುತ್ತದೆ. ಏನು ತಪ್ಪು? (ಧಾರವಾಡ)

ಎಣಿಕೆ ಅರ್ಧ ಕೆಲಸ ಮಾತ್ರ. ರಾಗದ ಹೆಸರಿನ ಹತ್ತಿರ 7.6.7.6.ಡಿ ಎಂದಿರುತ್ತದೆ. ಏಳು ಅಕ್ಷರದ ಸಾಲು, ಆರು ಅಕ್ಷರದ ಸಾಲು, ಮತ್ತೆ ಏಳು, ಆರು. ‘ಡಿ’ ಎಂದರೆ ಅದರ ಇಮ್ಮಡಿ. ಒಟ್ಟು ಎಂಟು ಸಾಲು, 52 ಅಕ್ಷರ. ಆದರೆ ಈ ರಾಗ ತಾಳದ ಪೆಟ್ಟಿಗೆ ಮೊದಲೇ, ಎತ್ತುಗಡೆಯಲ್ಲಿ ಶುರುವಾಗುತ್ತದೆ. ಹಾಗಾಗಿ ಒತ್ತು ಬೀಳುವುದು 2, 4, 6ನೆಯ ಅಕ್ಷರಗಳ ಮೇಲೆ. ಕನ್ನಡದಲ್ಲಿ ನಾವು ಪದದ ಮೊದಲ ಅಕ್ಷರವನ್ನೇ ಎತ್ತಿ ಆಡುತ್ತೇವೆ. ಜಗಳ ಇರುವುದು ಅಲ್ಲಿ.

‘ನಿನ್ನ ಮನೆಗೆ ಬಂದೆ’ ಎಂಬ ಸಾಲು ತೆಗೆದುಕೊಳ್ಳಿ. ಏಳು ಅಕ್ಷರ ಸರಿಯಾಗಿದೆ. ಎರಡನೆಯ ಪೆಟ್ಟು ನಾಲ್ಕನೆಯ ಅಕ್ಷರವಾದ ‘ನೆ’ ಮೇಲೆ ಬಿದ್ದು ‘ಮನೇಗೆ’ ಎಂದು ಕೇಳಿಸುತ್ತದೆ, ‘ನಿನ್’ ಎಂಬ ಗುರು ಎತ್ತುಗಡೆಯಲ್ಲಿ ಸಿಕ್ಕಿ ಸಾಯುತ್ತದೆ. ಅದರ ಬದಲು ‘ಈ ನಾಡು ನಿನ್ನದಾಗಿ / ಓ ದೇವ, ಹಾಡಲಿ’ ಎಂದು ಇಟ್ಟು ನೋಡಿ. ಒತ್ತು ‘ನಾ’, ‘ನಿನ್’, ‘ದಾ’ ಮೇಲೆ. ಮುಂದಿನ ಸಾಲಿನಲ್ಲಿ ‘ದೇ’, ‘ಹಾ’ ಮೇಲೆ. ಎಲ್ಲವೂ ಗುರು. ಕೊನೆಯ ‘ಲಿ’ ಲಘುವಾದರೂ ಎಳೆದರೆ ತೊಂದರೆಯಿಲ್ಲ, ಪಾದದ ಕೊನೆಯ ಲಘುವನ್ನು ಗುರುವಾಗಿ ಎಣಿಸುವ ಪದ್ಧತಿ ನಮ್ಮ ಛಂದಸ್ಸಿನಲ್ಲೇ ಇದೆ. ಸಾಲಿನ ಮೊದಲಿಗೆ ಈ, ಆ, ಓ, ನಾ, ನೀ ಇಂಥ ಒಂಟಿ ಅಕ್ಷರದ ಪದ ಇಟ್ಟರೆ ಎತ್ತುಗಡೆ ತಾನೇ ಸರಿಹೋಗುತ್ತದೆ. ಆದರೆ ಎಂಟೂ ಸಾಲು ‘ಓ’ದಿಂದ ಶುರುವಾದರೆ ಕೇಳುವವರಿಗೆ ಬೇಸರ.

ಉದ್ದ ಸ್ವರದ ಮೇಲೆ ಹ್ರಸ್ವ ಅಕ್ಷರ ಕೂತರೆ ಅರ್ಥವೇ ಕೆಡುತ್ತದೆ. ‘ದಿನ’ ಎಳೆದರೆ ‘ದೀನ’, ‘ಮನ’ ಎಳೆದರೆ ‘ಮಾನ’. ಬರೆದಾದ ಮೇಲೆ ಪದವನ್ನು ನೋಡದ ಒಬ್ಬರನ್ನು ಕೂರಿಸಿ, ನಿಧಾನವಾಗಿ ಹಾಡಿ, ಅವರಿಗೆ ಕೇಳಿಸಿದ್ದನ್ನು ಬರೆಸಿ. ತಪ್ಪು ಎಲ್ಲಿದೆ ಎಂದು ಆ ಕಾಗದವೇ ತೋರಿಸುತ್ತದೆ.

ಇನ್ನೊಂದು. 1832ರಲ್ಲಿ ಸ್ಯಾಮ್ಯುಯೆಲ್ ಸ್ಮಿತ್ ಬರೆದ ಮುಂಜಾವಿನ ಮಿಷನ್ ಗೀತೆ ಇದೇ ಅಳತೆಯದು, ಅದರ ‘ವೆಬ್’ ರಾಗಕ್ಕೂ ನಿಮ್ಮ ಪದ ಕೂರುತ್ತದೆ. ಆದರೆ ‘ಸೇಂಟ್ ಕೆವಿನ್’ ರಾಗಕ್ಕೆ ಕೂರದು. ಅಲ್ಲೂ ಎಣಿಕೆ 7.6.7.6.ಡಿ ಎಂದೇ ಇದ್ದರೂ ಪೆಟ್ಟು ಮೊದಲ ಅಕ್ಷರಕ್ಕೇ ಬೀಳುತ್ತದೆ. ಹಾಗೆ ನೋಡಿದರೆ ಕನ್ನಡಕ್ಕೆ ಅಂಥ ರಾಗವೇ ಸುಲಭ.

ಪ್ರಶ್ನೆ: ಬಾಸೆಲ್ ಮಿಷನ್ನಿನವರಿಗೂ ಇಂಥ ಗೀತೆ ಬರೆದವರಿಗೂ ಸಂಬಂಧವಿತ್ತೇ?

ಇತ್ತು. ಜರ್ಮನ್ ಮಿಷನ್ ಗೀತೆಗಳಲ್ಲಿ ಹೆಸರಾದವರು ಕ್ರಿಸ್ಟಿಯಾನ್ ಗಾಟ್‌ಲೋಬ್ ಬಾರ್ಟ್ (1799–1862). ಮೊದಲು ಮೊಟ್‌ಲಿಂಗನ್ ಹಳ್ಳಿಯ ಸಭಾಪಾಲಕರು, ಆಮೇಲೆ ಕಾಲ್ವ್ ಊರಿನ ಪ್ರಕಾಶನ ಸಂಘ ನಡೆಸಿದವರು. ಅವರ ನಂತರ ಆ ಕೆಲಸ ವಹಿಸಿಕೊಂಡದ್ದು ತಲಶ್ಶೇರಿಯಿಂದ ಮರಳಿದ್ದ ಬಾಸೆಲ್ ಮಿಷನರಿ ಹರ್ಮನ್ ಗುಂಡರ್ಟ್. ಇನ್ನು ನಮ್ಮ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಪ್ರಕಟಿಸಿ, ಯೇಸುವಿನ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲೇ ಹೇಳಿದರು. ಕನ್ನಡ ಛಂದಸ್ಸಿನ ಹಳೆಯ ಗ್ರಂಥವಾದ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿದವರೂ ಅವರೇ. ಧಾರವಾಡದವರ ಪ್ರಶ್ನೆಗೆ ಆ ಪುಸ್ತಕವೂ ಒಂದು ಉತ್ತರ.

ಪ್ರಶ್ನೆ: ಮಿಷನರಿ ಗೀತೆ ಎಂದರೆ ಬರೀ ಬಿಳಿಯರದೇ?

ಅಲ್ಲ. ಬಂಗಾಳದ ಶ್ರೀರಾಂಪುರದ ಬಡಗಿ ಕೃಷ್ಣ ಪಾಲ್ ಬಿದ್ದು ತೋಳು ಜಾರಿದಾಗ ಅದನ್ನು ಕೂಡಿಸಿದವರು ಮಿಷನ್ನಿನ ಡಾಕ್ಟರ್ ಜಾನ್ ಥಾಮಸ್. 1800ರ ಡಿಸೆಂಬರ್ 28ರಂದು ಕೃಷ್ಣ ಪಾಲ್ ಅವರಿಗೆ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನವಾಯಿತು. ಅವರು ಬಂಗಾಳಿಯಲ್ಲಿ ಬರೆದ ಗೀತೆಯನ್ನು ಅಲ್ಲಿನ ಮಿಷನರಿ ಜಾಶುವಾ ಮಾರ್ಷ್‌ಮನ್ ಇಂಗ್ಲಿಷಿಗೆ ತಂದರು, ಇಂಗ್ಲೆಂಡಿನ ಸಭೆಗಳು ಅದನ್ನು ಹಾಡಿದವು. ಮರಾಠಿಯಲ್ಲಿ ನಾರಾಯಣ ವಾಮನ ತಿಲಕರು (1861–1919) ಪರದೇಶದ ರಾಗಗಳ ಗೋಜಿಗೆ ಹೋಗದೆ ಅಭಂಗದ ಧಾಟಿಯಲ್ಲಿ ನೂರಾರು ಹಾಡು ಕಟ್ಟಿದರು.

ಕಾಶಿಯಲ್ಲಿ 1853ರಲ್ಲಿ ಹುಟ್ಟಿದ ಎಲೆನ್ ಲಕ್ಷ್ಮೀ ಗೋರೆಯವರನ್ನಂತೂ ಮರೆಯುವಂತಿಲ್ಲ. ತಂದೆ ನೀಲಕಂಠ ಗೋರೆ ಮರಾಠಿ ಬ್ರಾಹ್ಮಣ ಪಂಡಿತರು, ಕ್ರೈಸ್ತರಾದವರು. ತಾಯಿ ಬೇಗ ತೀರಿಕೊಂಡಿದ್ದರಿಂದ ಮಗಳು ಇಂಗ್ಲಿಷ್ ಮನೆಯಲ್ಲಿ ಬೆಳೆದು ಇಂಗ್ಲೆಂಡಿಗೆ ಹೋದರು, 1880ರಲ್ಲಿ ಭಾರತಕ್ಕೆ ಮರಳಿ ಇಲ್ಲೇ ಸೇವೆ ಮಾಡಿದರು. ದೇವರ ಸನ್ನಿಧಿಯ ಮರೆಯಲ್ಲಿ ಸಿಗುವ ನೆಮ್ಮದಿಯ ಬಗ್ಗೆ ಅವರು ಬರೆದ ಗೀತೆ ಇಂಗ್ಲಿಷ್ ಗೀತಪುಸ್ತಕಗಳಲ್ಲಿ ಈಗಲೂ ಇದೆ. ಅವರ ಗೀತಸಂಗ್ರಹದ ಹೆಸರಿನ ಅರ್ಥ ‘ಭಾರತದ ಹವಳದ ತೀರದಿಂದ’. ಹೀಬರ್ ರೆಕ್ಸ್‌ಹ್ಯಾಮಿನ ಕೋಣೆಯಲ್ಲಿ ಕೂತು, ಭಾರತವನ್ನು ನೋಡದೆ ಬರೆದಿದ್ದ ಎರಡನೆಯ ಸಾಲು ಅದು.