ವೀಸಾ ಇಲ್ಲದೆ ನೇಪಾಳದವರು ಇಲ್ಲಿ ದುಡಿಯುವುದು ಅಕ್ರಮವೇ?

ನಿಮ್ಮ ಬಡಾವಣೆಯ ಹೋಟೆಲಿನ ಅಡುಗೆಮನೆಯಲ್ಲಿರುವವರೆಲ್ಲ ನೇಪಾಳದವರು, ಯಾರ ಬಳಿಯೂ ವೀಸಾ ಇಲ್ಲ, ಇದು ಅಕ್ರಮ ವಲಸೆಯಲ್ಲವೇ, ನಮ್ಮವರ ಕೆಲಸ ಅವರ ಪಾಲಾಗುತ್ತಿಲ್ಲವೇ ಎಂದು ಕೇಳಿದ್ದೀರಿ. ಬೆಂಗಳೂರಿನ ಕೆಲವು ಹೋಟೆಲುಗಳ ಸಂಬಳ ಮತ್ತು ಭವಿಷ್ಯನಿಧಿಯ ಲೆಕ್ಕ ಬರೆಯುವುದು ನನ್ನ ವೃತ್ತಿಯಾದ್ದರಿಂದ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಅಕ್ರಮವಲ್ಲ. 1950ರ ಜುಲೈ 31ರಂದು ಸಹಿಯಾದ ಭಾರತ-ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದದ 7ನೇ ವಿಧಿಯು ಒಂದು ದೇಶದ ಪ್ರಜೆಗಳಿಗೆ ಇನ್ನೊಂದು ದೇಶದಲ್ಲಿ ವಾಸ, ಆಸ್ತಿ, ವ್ಯಾಪಾರ ಮತ್ತು ಸಂಚಾರದ ವಿಷಯದಲ್ಲಿ ಪರಸ್ಪರ ಸಮಾನ ಸವಲತ್ತು ನೀಡುತ್ತದೆ. ಆದ್ದರಿಂದ ನೇಪಾಳದಿಂದ ರಸ್ತೆಯ ಮೂಲಕ ಬರುವವರಿಗೆ ವೀಸಾವೂ ಬೇಡ, ಪಾಸ್‌ಪೋರ್ಟೂ ಬೇಡ. ಈ ಬಾಗಿಲು ಎರಡೂ ಕಡೆಗೆ ತೆರೆದಿದೆ ಎಂಬುದನ್ನು ನಾವು ಮರೆಯುತ್ತೇವೆ: ಕಠ್ಮಂಡುವಿನಲ್ಲಿ ಕ್ಷೌರದ ಅಂಗಡಿ ಇಟ್ಟವರಲ್ಲಿ, ಸೈಕಲ್ ಮೇಲೆ ತರಕಾರಿ ಮಾರುವವರಲ್ಲಿ ಬಿಹಾರದಿಂದ ಹೋದವರು ಬಹಳ ಮಂದಿ ಇದ್ದಾರೆ.

ಅವರು ಇಲ್ಲಿಗೇ ಏಕೆ ಬರುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನೇಪಾಳದ ಯುವಕರಲ್ಲಿ ಒಂದಿಷ್ಟು ಅನುಕೂಲವಿದ್ದವರು ಕತಾರ್, ಸೌದಿ, ಮಲೇಷ್ಯಾಗಳಿಗೆ ಹೋಗುತ್ತಾರೆ. ಅದಕ್ಕೆ ಪಾಸ್‌ಪೋರ್ಟ್, ವೈದ್ಯಕೀಯ ತಪಾಸಣೆ, ಸರ್ಕಾರದ ಶ್ರಮ ಅನುಮತಿ (ಹೊರದೇಶದಲ್ಲಿ ದುಡಿಯಲು ಪರವಾನಗಿ) ಮತ್ತು ಏಜೆಂಟನಿಗೆ ಕೊಡಲು ದೊಡ್ಡ ಮೊತ್ತ ಬೇಕಾಗುತ್ತದೆ. ಬಹುತೇಕರು ಅದನ್ನು ಬಡ್ಡಿಗೆ ತರುತ್ತಾರೆ. ಅಷ್ಟು ಸಾಲವೂ ಹುಟ್ಟದವರಿಗೆ ಉಳಿಯುವುದು ಭಾರತ, ಏಕೆಂದರೆ ಇಲ್ಲಿಗೆ ಬರಲು ಬಸ್ಸು ಮತ್ತು ರೈಲಿನ ಚಾರ್ಜು ಸಾಕು. ದೇಶದ ಪಶ್ಚಿಮದ ತುದಿಯಲ್ಲಿರುವ ಅಛಾಮ್, ಬಝಾಂಗ್, ಡೋಟಿಯಂಥ ಗುಡ್ಡಗಾಡು ಜಿಲ್ಲೆಗಳಲ್ಲಿ ಇಳಿಜಾರಿನ ತುಂಡು ಹೊಲದ ಬೆಳೆ ಎಷ್ಟೋ ಮನೆಗಳಿಗೆ ವರ್ಷದ ಊಟಕ್ಕೆ ಸಾಲುವುದಿಲ್ಲ. ಅಲ್ಲಿಯ ಗಂಡಸರು ಗಡ್ಡಾಚೌಕಿಯಲ್ಲಿ ಗಡಿ ದಾಟಿ, ಬನಬಸಾದಿಂದ ದೆಹಲಿಯ ಬಸ್ಸು ಹಿಡಿದು, ಅಲ್ಲಿಂದ ಮುಂಬೈಗೋ ಬೆಂಗಳೂರಿಗೋ ರೈಲು ಹತ್ತುತ್ತಾರೆ. ನೇಪಾಳದ ರೂಪಾಯಿಯ ಬೆಲೆಯನ್ನು 1993ರಿಂದ ನಮ್ಮ ಒಂದು ರೂಪಾಯಿಗೆ 1.60ರಂತೆ ಸ್ಥಿರವಾಗಿ ಇಟ್ಟಿರುವುದರಿಂದ ಇಲ್ಲಿ ಉಳಿಸಿದ ಹತ್ತು ಸಾವಿರ ಊರಿನಲ್ಲಿ ಹದಿನಾರು ಸಾವಿರವಾಗುತ್ತದೆ, ಮತ್ತು ಈ ಲೆಕ್ಕ ಮುಂದಿನ ತಿಂಗಳು ಏರುಪೇರಾಗುವ ಭಯವೂ ಇಲ್ಲ.

ನಮ್ಮವರ ಕೆಲಸದ ಬಗ್ಗೆ ಹೇಳುವುದಾದರೆ, ಒಂದು ಕಾಲದಲ್ಲಿ ಬೆಂಗಳೂರಿನ ಹೋಟೆಲುಗಳಿಗೆ ಉಡುಪಿ, ಕುಂದಾಪುರದ ಕಡೆಯ ಹುಡುಗರು ಬರುತ್ತಿದ್ದರು. ಅವರ ಮಕ್ಕಳು ಓದಿ ಬೇರೆ ಉದ್ಯೋಗ ಹಿಡಿದರು. ನಾನು ಲೆಕ್ಕ ಬರೆಯುವ ಹೋಟೆಲುಗಳಲ್ಲಿ ಅಡುಗೆಯವರು ಬೇಕೆಂದು ಬೋರ್ಡ್ ಹಾಕಿದರೂ ಸ್ಥಳೀಯರು ಬರುವುದು ಅಪರೂಪ. ಸಂಬಳ ಹೆಚ್ಚಿಸಿ ದುಡಿಮೆಯ ಅವಧಿ ಕಡಿಮೆ ಮಾಡಿದರೆ ಬಂದಾರು ಎಂಬ ವಾದದಲ್ಲಿ ಹುರುಳಿದೆ. ಆದರೆ ಆ ಪ್ರಶ್ನೆಯನ್ನು ಕೇಳಬೇಕಾದದ್ದು ಮಾಲೀಕರನ್ನು, ಒಲೆಯ ಮುಂದೆ ನಿಂತವನನ್ನಲ್ಲ.

ನನಗೆ ನಿಜವಾಗಿ ಕಳವಳ ಉಂಟುಮಾಡುವುದು ಬೇರೆ. ಅವರು ಬರುವುದಕ್ಕೆ ತಡೆಯಿಲ್ಲ, ಆದರೆ ಬಂದದ್ದಕ್ಕೆ ದಾಖಲೆಯೂ ಇಲ್ಲ. ಭಾರತಕ್ಕೆ ಹೋಗುವವರಿಗೆ ನೇಪಾಳ ಸರ್ಕಾರದ ಶ್ರಮ ಅನುಮತಿ ಬೇಕಿಲ್ಲವಾದ್ದರಿಂದ, ಕತಾರಿನಲ್ಲಿ ಸತ್ತ ಕಾರ್ಮಿಕನ ಮನೆಯವರಿಗೆ ನೇಪಾಳದ ಕಲ್ಯಾಣ ನಿಧಿಯಿಂದ ಸಿಗುವ ಪರಿಹಾರ ಬೆಂಗಳೂರಿನಲ್ಲಿ ಸತ್ತವನ ಮನೆಯವರಿಗೆ ಸಿಗುವುದಿಲ್ಲ. 2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿದಾಗ ಉತ್ತರಾಖಂಡದ ಗಡಿ ಊರು ಧಾರ್ಚುಲಾದಲ್ಲಿ ನೂರಾರು ಮಂದಿ ನಮ್ಮ ದಡದಲ್ಲೇ ಸಿಕ್ಕಿಬಿದ್ದರು. ಕೆಲವರು ಗಡಿಯ ಮಹಾಕಾಳಿ ನದಿಗೆ ಹಾರಿ ಈಜಿಕೊಂಡು ತಮ್ಮ ದೇಶ ಸೇರಿದರು.

ಅಛಾಮಿನ ಒಬ್ಬ ಅಡುಗೆಯವರನ್ನು ನಾನು ಬಲ್ಲೆ. ಖರ್ಚಿಗೆ ಬೇಕಾದಷ್ಟು ಮಾತ್ರ ಪಡೆದು ಉಳಿದ ಸಂಬಳವನ್ನು ಮಾಲೀಕರ ಬಳಿಯೇ ಬಿಟ್ಟು, ದಶೈಂ ಹಬ್ಬಕ್ಕೆ ಊರಿಗೆ ಹೊರಡುವಾಗ ಒಟ್ಟಿಗೆ ಕೇಳುವುದು ಅವರ ರೂಢಿಯಾಗಿತ್ತು. ಲೆಕ್ಕವಿದ್ದದ್ದು ಮಾಲೀಕರ ಕೈಬರಹದ ಒಂದು ನೋಟ್‌ಬುಕ್ಕಿನಲ್ಲಿ. ಕೊನೆಗೆ ಮುಂಗಡ, ಊಟ, ರೂಮಿನ ಬಾಡಿಗೆ ಎಂದು ಕಳೆಯುತ್ತ ಹೋದಾಗ ಕೈಗೆ ಬಂದ ಹಣ ಅವರ ಎಣಿಕೆಯ ಅರ್ಧಕ್ಕಿಂತ ಕಡಿಮೆ ಇತ್ತು. ದೂರು ಕೊಡೋಣ ಎಂದೆ. "ಬೇಡ ಸಾರ್, ಮತ್ತೆ ಕೆಲಸಕ್ಕೆ ಇಲ್ಲಿಗೇ ಬರಬೇಕಲ್ಲ" ಎಂದರು. ಆ ಹಣವನ್ನೂ ಅವರು ನಗದಾಗಿಯೇ ಒಯ್ದರು. ದಾರಿಯಲ್ಲಿ ಅಮಲು ಬರಿಸುವ ಬಿಸ್ಕತ್ತು ಕೊಟ್ಟು ದೋಚುವವರ ಕಾಟವನ್ನು ಅವರ ಊರಿನವರೆಲ್ಲ ಬಲ್ಲರು.

ಇದರಲ್ಲಿ ಎಷ್ಟೋ ಭಾಗ ಅನಿವಾರ್ಯವಲ್ಲ. ಅದೇ 1950ರ ಒಪ್ಪಂದದ ಕಾರಣ ಭವಿಷ್ಯನಿಧಿಯ ನಿಯಮದಲ್ಲಿ ನೇಪಾಳದ ಪ್ರಜೆಯನ್ನು ಭಾರತೀಯ ಕಾರ್ಮಿಕನೆಂದೇ ಪರಿಗಣಿಸಲಾಗುತ್ತದೆ, ಹೀಗಾಗಿ ನೇಪಾಳದವರಿಗೆ ಪಿಎಫ್ ಇಲ್ಲ ಎಂಬ ಮಾಲೀಕರ ಮಾತು ಸುಳ್ಳು. ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದವರು ಆಧಾರ್‌ಗೆ ಅರ್ಜಿ ಹಾಕಬಹುದು. ನೇಪಾಳಕ್ಕೆ ಹಣ ಕಳುಹಿಸಲೆಂದೇ ರಿಸರ್ವ್ ಬ್ಯಾಂಕ್ 2008ರಲ್ಲಿ ಆರಂಭಿಸಿದ ವ್ಯವಸ್ಥೆಯೊಂದಿದ್ದು, 2021ರಲ್ಲಿ ಅದರ ಮಿತಿಯನ್ನು ಒಂದು ಬಾರಿಗೆ ಎರಡು ಲಕ್ಷ ರೂಪಾಯಿಗೆ ಏರಿಸಲಾಯಿತು.

ಆ ಹೋಟೆಲಿನವರ ಪರಿಚಯ ನಿಮಗಿದ್ದರೆ, ವೀಸಾ ಬಗ್ಗೆ ವಿಚಾರಿಸುವ ಬದಲು ಸಂಬಳ ಪ್ರತಿ ತಿಂಗಳು ಬ್ಯಾಂಕಿಗೆ ಜಮೆಯಾಗುತ್ತಿದೆಯೇ, ಕೆಲಸಗಾರರ ಕೈಗೆ ಪಿಎಫ್ ಸಂಖ್ಯೆ ಕೊಟ್ಟಿದ್ದಾರೆಯೇ ಎಂದು ದಯವಿಟ್ಟು ಕೇಳಿ.