ಅದೇ ದುಡ್ಡಿಗೆ ಹೊಸ ಸ್ಪೀಕರೋ, ಹಳೆಯ ದೊಡ್ಡ ಸ್ಪೀಕರೋ?

ನೀವು ಕೇಳಿದ್ದು ಇಷ್ಟು. ಕೈಯಲ್ಲಿರುವ ದುಡ್ಡಿಗೆ ಒಳ್ಳೆ ಕಂಪನಿಯ ಮಧ್ಯಮ ದರ್ಜೆಯ ಹೊಸ ಬುಕ್‌ಶೆಲ್ಫ್ ಜೋಡಿ, ಅಂದರೆ ಸ್ಟ್ಯಾಂಡ್ ಮೇಲೆ ಇಡುವ ಚಿಕ್ಕ ಸ್ಪೀಕರುಗಳು, ಬರುತ್ತದೆ. ಇಲ್ಲವೇ ಅದೇ ಕಂಪನಿಯ 12 ವರ್ಷ ಹಳೆಯ, ಆಗ ಎಲ್ಲಕ್ಕಿಂತ ಮೇಲಿನ ಮಾಡೆಲ್ ಆಗಿದ್ದ ಫ್ಲೋರ್‌ಸ್ಟ್ಯಾಂಡರ್, ಅಂದರೆ ನೆಲದ ಮೇಲೆ ನಿಲ್ಲುವ ದೊಡ್ಡ ಸ್ಪೀಕರ್, ಬರುತ್ತದೆ. ಕೋಣೆ 4 ಮೀಟರ್‌ಗೆ 3.5 ಮೀಟರ್. ಆಂಪ್ಲಿಫೈಯರ್ 50 ವ್ಯಾಟ್‌ನದು. ಯಾವುದು ತೆಗೆದುಕೊಳ್ಳಲಿ?

ಮೊದಲೇ ಹೇಳಿಬಿಡುತ್ತೇನೆ: ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಿ. ಆದರೆ ಆ ಫ್ಲೋರ್‌ಸ್ಟ್ಯಾಂಡರ್ ಬೇಡ.

ಸೆಕೆಂಡ್ ಹ್ಯಾಂಡ್ ಯಾಕೆ ಅಂದರೆ, ಸ್ಪೀಕರ್ ಫೋನ್ ತರಹದ ವಸ್ತು ಅಲ್ಲ. ಒಂದು ಅಯಸ್ಕಾಂತ, ಒಂದು ಸುರುಳಿ, ಒಂದು ಕೋನ್, ಗಟ್ಟಿ ಪೆಟ್ಟಿಗೆ. ಹತ್ತು ವರ್ಷದಲ್ಲಿ ಈ ವಿದ್ಯೆ ತಲೆಕೆಳಗಾಗುವುದಿಲ್ಲ. ಟ್ವೀಟರನ್ನು, ಅಂದರೆ ತಾರ ಸ್ವರಗಳನ್ನು ನುಡಿಸುವ ಚಿಕ್ಕ ಭಾಗವನ್ನು, ಕೋನ್‌ನ ನಡುವೆಯೇ ಕೂರಿಸುವ ಯೂನಿ-ಕ್ಯೂ ವಿನ್ಯಾಸವನ್ನು ಕೆಫ್ ಕಂಪನಿ ತಂದಿದ್ದು 1988ರಲ್ಲಿ. ಅದನ್ನೇ ತಿದ್ದುತ್ತಾ ತಿದ್ದುತ್ತಾ ಇಂದಿಗೂ ಮಾಡುತ್ತಿದ್ದಾರೆ. ಕಿವಿಗೆ ಹಿಡಿಸುವ ಸ್ಪೀಕರ್ ಹೇಗಿರಬೇಕು ಅನ್ನುವುದನ್ನು ಫ್ಲಾಯ್ಡ್ ಟೂಲ್ ಅನ್ನುವ ಸಂಶೋಧಕರು ಕೆನಡಾದಲ್ಲಿ, ಯಾವ ಸ್ಪೀಕರ್ ನುಡಿಯುತ್ತಿದೆ ಅಂತ ಕೇಳುವವರಿಗೆ ಕಾಣದಂತೆ ಪರದೆ ಕಟ್ಟಿ, ಪರೀಕ್ಷೆ ಮಾಡಿ ತೋರಿಸಿ ದಶಕಗಳಾದವು. ಏರಿಳಿತವಿಲ್ಲದ ಸಮನಾದ ಸ್ವರ, ಪಕ್ಕಕ್ಕೆ ಹೋಗುವ ಶಬ್ದದಲ್ಲೂ ಅದೇ ನಯ. ಹಳೆಯ ಒಳ್ಳೆ ಸ್ಪೀಕರಿನಲ್ಲಿ ಇವೆರಡೂ ಇದ್ದರೆ ಅದು ಇಂದಿಗೂ ಒಳ್ಳೆ ಸ್ಪೀಕರೇ. ಪೆಟ್ಟಿಗೆ ಬಿಚ್ಚಿದ ದಿನ ಬಿದ್ದುಹೋಗುವ ಬೆಲೆ ಮೊದಲ ಮಾಲೀಕರ ತಲೆಗೆ, ನಿಮ್ಮ ತಲೆಗಲ್ಲ.

ಹಾಗಂತ ಏನೂ ಕೆಡುವುದೇ ಇಲ್ಲ ಅಂತಲ್ಲ. ಕೆಡುವ ಜಾಗಗಳು ಕೆಲವೇ ಇವೆ, ಅವನ್ನು ತಿಳಿದುಕೊಂಡು ಹೋಗಬೇಕು. ಮೊದಲನೆಯದು ಸರೌಂಡ್, ಅಂದರೆ ಮಂದ್ರ ಸ್ವರ ನುಡಿಸುವ ದೊಡ್ಡ ಭಾಗವಾದ ವೂಫರ್‌ನ ಕೋನ್ ಸುತ್ತ ಇರುವ ಮೆತ್ತನೆಯ ಅಂಚು. ಅದು ರಬ್ಬರಿನದಾದರೆ ಹಲವು ದಶಕ ಬಾಳುತ್ತದೆ. ಫೋಮ್ ಆದರೆ 15-20 ವರ್ಷದಲ್ಲಿ, ತೇವ ಮತ್ತು ಬಿಸಿಲು ಇದ್ದಲ್ಲಿ ಇನ್ನೂ ಬೇಗ, ಹಪ್ಪಳದ ಹಾಗೆ ಪುಡಿಯಾಗುತ್ತದೆ. ಹೊಸ ಫೋಮ್ ಅಂಟಿಸಬಹುದು, ಆದರೆ ಅಡ್ಡಾದಿಡ್ಡಿ ಅಂಟಿಸಿದರೆ ಒಳಗಿನ ಸುರುಳಿ ಅಯಸ್ಕಾಂತಕ್ಕೆ ಉಜ್ಜಲು ಶುರುವಾಗುತ್ತದೆ. ಎರಡನೆಯದು ಟ್ವೀಟರ್. ಕೆಲವು ಟ್ವೀಟರ್‌ಗಳಲ್ಲಿ ಸುರುಳಿಯನ್ನು ತಂಪಾಗಿಡಲು ಫೆರೋಫ್ಲೂಯಿಡ್ ಅನ್ನುವ ಎಣ್ಣೆಯಂಥ ದ್ರವ ಹಾಕಿರುತ್ತಾರೆ. ವರ್ಷಗಳು ಕಳೆದಂತೆ ಅದು ಗಟ್ಟಿಯಾಗಿ ಸದ್ದು ಮಂಕಾಗುತ್ತದೆ. ಮೂರನೆಯದು ಕ್ರಾಸ್‌ಓವರಿನ, ಅಂದರೆ ಸ್ವರಗಳನ್ನು ವೂಫರಿಗೂ ಟ್ವೀಟರಿಗೂ ಹಂಚುವ ಸರ್ಕ್ಯೂಟಿನ, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಒಣಗಿದರೂ ಬದಲಿಸುವುದು ಸುಲಭ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇಷ್ಟು ಜೋರಾಗಿ ಹೇಳುತ್ತಿದ್ದೇನಲ್ಲ, ನಾನೇ ಮೊದಲ ಸಲ ಸರಿಯಾಗಿ ಮೋಸ ಹೋದವನು. ನೋಡಲು ಕನ್ನಡಿಯಂಥ ಜೋಡಿ. ಪೆಟ್ಟಿಗೆ ಮೇಲೆ ಒಂದು ಗೀರಿಲ್ಲ. ಮಾರುವವರ ಮನೆಯಲ್ಲಿ ಹತ್ತು ನಿಮಿಷ ಕೇಳಿ, ತಲೆಯಾಡಿಸಿ, ಹೊತ್ತು ತಂದೆ. ಮನೆಯಲ್ಲಿ ಹಾಡುವವರು ನಡುವೆ ನಿಲ್ಲುವ ಬದಲು ಸದಾ ಸ್ವಲ್ಪ ಎಡಕ್ಕೆ ನಿಂತಿರುತ್ತಿದ್ದರು. ಕೋಣೆಯದೇ ತಪ್ಪು ಅಂದುಕೊಂಡೆ. ಸೋಫಾ ಎಳೆದೆ, ಪುಸ್ತಕದ ಕಪಾಟು ಜರುಗಿಸಿದೆ, ಗೋಡೆಗೆ ದಪ್ಪ ಪರದೆ ಕಟ್ಟಿದೆ. ಮೂರು ವಾರ ಗಾಳಿ ಗುದ್ದಿ ಮೈ ನೋಯಿಸಿಕೊಂಡೆ. ಕೊನೆಗೆ ಒಂದು ರಾತ್ರಿ ಎಡ-ಬಲದ ಸ್ಪೀಕರುಗಳನ್ನೇ ಅದಲುಬದಲು ಮಾಡಿದೆ. ಹಾಡುವವರು ಬಲಕ್ಕೆ ಬಂದು ನಿಂತರು! ಬಿಚ್ಚಿ ನೋಡಿದರೆ ಒಂದು ಪೆಟ್ಟಿಗೆಯ ಟ್ವೀಟರ್ ಬೇರೆ ಕಂಪನಿಯದು. ಹಳೆಯದು ಸುಟ್ಟುಹೋದಾಗ ಯಾರೋ ಕೈಗೆ ಸಿಕ್ಕಿದ್ದನ್ನು ಕೂರಿಸಿದ್ದರು. ಅಸಲಿ ಟ್ವೀಟರಿನ ತಯಾರಿಕೆ ನಿಂತು ಆಗಲೇ ಎಷ್ಟೋ ವರ್ಷಗಳಾಗಿದ್ದವು. ಅದೇ ಮಾಡೆಲಿನ ಒಂದು ಹಳೆಯ ಟ್ವೀಟರ್ ಹುಡುಕಲು ನನಗೆ ಏಳು ತಿಂಗಳು ಬೇಕಾಯಿತು.

ಆಮೇಲಿಂದ ಯಾವ ಹಳೆಯ ಸ್ಪೀಕರ್ ಕಂಡರೂ ನನ್ನ ಮೊದಲ ಪ್ರಶ್ನೆ "ಹೇಗೆ ನುಡಿಯುತ್ತೆ?" ಅಲ್ಲ. "ಇದರ ಡ್ರೈವರ್ ನಾಳೆ ಸುಟ್ಟರೆ ಹೊಸದು ಸಿಗುತ್ತಾ?" ಅನ್ನುವುದು. (ಡ್ರೈವರ್ ಅಂದರೆ ವೂಫರ್, ಟ್ವೀಟರ್‌ನಂಥ ನುಡಿಯುವ ಭಾಗ.) ಕಂಪನಿಗೆ ಒಂದು ಮೇಲ್ ಹಾಕಿ, ಮಾಡೆಲ್ ಮತ್ತು ಸೀರಿಯಲ್ ನಂಬರ್ ಕೊಟ್ಟು ಕೇಳಿ. ಸಿಗುತ್ತದೆ ಅಂದರೆ ಅರ್ಧ ಚಿಂತೆ ಮುಗಿಯಿತು. ಸಿಗುವುದಿಲ್ಲ ಅಂದರೆ ಎಷ್ಟೇ ಅಗ್ಗವಾದರೂ ನಾನಂತೂ ಮುಟ್ಟುವುದಿಲ್ಲ. 1974ರಲ್ಲಿ ಬಂದ ಯಮಹಾ ಎನ್‌ಎಸ್-1000ಎಂ ಸ್ಪೀಕರ್ ನೆನೆದರೆ ಇಂದಿಗೂ ಬಾಯಲ್ಲಿ ನೀರೂರುತ್ತದೆ. ಅದರ ಮಿಡ್‌ರೇಂಜ್ (ನಡುವಿನ ಸ್ವರಗಳ ಡ್ರೈವರ್) ಮತ್ತು ಟ್ವೀಟರ್‌ನ ಗುಮ್ಮಟದಂಥ ಡೋಮ್‌ಗಳು ಬೆರಿಲಿಯಂ ಲೋಹದವು, ಅವುಗಳ ತಯಾರಿಕೆ ನಿಂತು ದಶಕಗಳಾದವು. (ಬೆರಿಲಿಯಂ ಡೋಮ್ ಒಡೆದಿದ್ದರೆ ಬರಿಗೈಲಿ ಮುಟ್ಟಬೇಡಿ. ಆ ಪುಡಿ ಉಸಿರಲ್ಲಿ ಹೋದರೆ ವಿಷ.) 1957ರ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್, ಅಂದರೆ ಕೋನ್ ಬದಲು ತೆಳು ಹಾಳೆಯ ಪ್ಯಾನೆಲ್ ನುಡಿಯುವ ಸ್ಪೀಕರ್, ಕೂಡ ಹಾಗೇ. ದನಿಯ ವಿಷಯದಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಅದರ ಪ್ಯಾನೆಲ್ ರಿಪೇರಿ ಬಲ್ಲವರು ಎಲ್ಲ ಕಡೆ ಇಲ್ಲ. ಅಂಥದ್ದು ಮೊದಲ ಜೋಡಿಯಾಗಿ ಬೇಡ.

ನೋಡಲು ಹೋದಾಗ ಜೊತೆಗೆ ಟಾರ್ಚ್, ಮಲ್ಟಿಮೀಟರ್, ನಿಮಗೆ ಚೆನ್ನಾಗಿ ಗೊತ್ತಿರುವ ನಾಲ್ಕು ಹಾಡು ಇರಲಿ. ಎರಡರ ಸೀರಿಯಲ್ ನಂಬರ್ ಒಂದೇ ಜೋಡಿಯದಾ ನೋಡಿ. ಮುಂದಿನ ಬಟ್ಟೆಯ ಜಾಲರಿ ತೆಗೆಸಿ, ಎಲ್ಲ ಸ್ಕ್ರೂ ತಲೆಗಳ ಮೇಲೆ ಟಾರ್ಚ್ ಬಿಡಿ. ಒಂದೇ ಕಡೆಯ ಸ್ಕ್ರೂಗಳು ಸವೆದಿದ್ದರೆ ಆ ಡ್ರೈವರ್ ಹೊರಗೆ ಬಂದು ಹೋಗಿದೆ ಅಂತಲೇ ಅರ್ಥ. ವೂಫರ್ ಕೋನ್ ಮೇಲೆ ಬೆರಳುಗಳನ್ನು ಸುತ್ತಲೂ ಸಮನಾಗಿ ಇಟ್ಟು ಮೆಲ್ಲಗೆ ಒಳಗೆ ಒತ್ತಿ. ಸರಸರ ಉಜ್ಜುವ ಸದ್ದು ಬಂದರೆ ಕೈ ಮುಗಿದು ವಾಪಸ್ ಬನ್ನಿ. ಮಲ್ಟಿಮೀಟರಿನಲ್ಲಿ 8 ಓಮ್ ಸ್ಪೀಕರ್ (ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಸಾಮಾನ್ಯವಾಗಿ 5.5ರಿಂದ 7 ಓಮ್ ತೋರಿಸುತ್ತದೆ, ಎರಡೂ ಹೆಚ್ಚುಕಮ್ಮಿ ಒಂದೇ ತೋರಿಸಬೇಕು. ಎರಡು ಜೋಡಿ ಟರ್ಮಿನಲ್ ಇರುವ ಸ್ಪೀಕರಾದರೆ, ನಡುವಿನ ಪಟ್ಟಿ ತೆಗೆದಾಗ ಟ್ವೀಟರ್ ಕಡೆ ಏನೂ ತೋರಿಸದೇ ಇರಬಹುದು. ಗಾಬರಿ ಬೇಡ, ದಾರಿಯಲ್ಲಿ ಕೆಪಾಸಿಟರ್ ಇರುತ್ತದೆ.

ಕೊನೆಗೆ ನಾನು ಅವತ್ತು ಮಾಡದೇ ಬಿಟ್ಟ ಕೆಲಸ. ಆಂಪ್ ಅನ್ನು ಮೋನೋಗೆ, ಅಂದರೆ ಎರಡೂ ಕಡೆ ಒಂದೇ ಸದ್ದು ಬರುವಂತೆ, ಹಾಕಿ, ಎರಡು ಸ್ಪೀಕರನ್ನೂ ಅಕ್ಕಪಕ್ಕ ಇಟ್ಟು, ಬ್ಯಾಲೆನ್ಸ್ ಗುಂಡಿಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸಿ. ದನಿ ಬದಲಾಗಬಾರದು, ಜಾಗ ಮಾತ್ರ ಬದಲಾಗಬೇಕು. ಎರಡು ನಿಮಿಷ ಸಾಕು.

ಇನ್ನು ನಿಮ್ಮ ಫ್ಲೋರ್‌ಸ್ಟ್ಯಾಂಡರ್ ಯಾಕೆ ಬೇಡ ಅಂದೆ? ಕೋಣೆಯ ಕಾರಣಕ್ಕೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಕೋಣೆ ತಾನೇ ಮೊಳಗುವ ಮೊದಲ ಸ್ವರ ಸಿಗುತ್ತದೆ. ನಿಮ್ಮ 4 ಮೀಟರಿಗೆ 43 ಹರ್ಟ್ಸ್, 3.5 ಮೀಟರಿಗೆ 49 ಹರ್ಟ್ಸ್. ಎರಡೂ ಪಕ್ಕಪಕ್ಕದಲ್ಲೇ ಕೂತಿವೆ. ಬುಕ್‌ಶೆಲ್ಫ್ ಸ್ಪೀಕರಿನ ಬಲ ಹೆಚ್ಚಾಗಿ ಅಷ್ಟು ಕೆಳಗೆ ಹೋಗುವ ಹೊತ್ತಿಗೆ ಕುಗ್ಗಿರುತ್ತದೆ. ದೊಡ್ಡ ಸ್ಪೀಕರ್ ಅಲ್ಲೇ ಪೂರ್ತಿ ಬಲದಲ್ಲಿ ನುಡಿಯುತ್ತದೆ. ಡಬಲ್ ಬೇಸ್‌ನ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುವ ಬದಲು ಎಲ್ಲ ಒಂದೇ "ಢಂ" ಆಗಿಬಿಡುತ್ತದೆ. ಚಿಕ್ಕ ಕೋಣೆಯಲ್ಲಿ ಅದನ್ನು ಗೋಡೆಯಿಂದ ದೂರ ಇಡಲೂ ಜಾಗ ಇರಲ್ಲ, ಅಲ್ವಾ? ಜೊತೆಗೆ ಇಂಥ ದೊಡ್ಡ ಮಾಡೆಲ್‌ಗಳಲ್ಲಿ ಹಲವು, ಹಿಂದೆ 8 ಓಮ್ ಅಂತ ಬರೆದಿದ್ದರೂ ಕೆಲವು ಸ್ವರಗಳಲ್ಲಿ 3 ಓಮ್‌ವರೆಗೆ ಇಳಿಯುತ್ತವೆ. ತಡೆ ಅಷ್ಟು ಇಳಿದಾಗ ಹೆಚ್ಚು ಕರೆಂಟ್ ಕೊಡಬೇಕಾಗಿ ನಿಮ್ಮ 50 ವ್ಯಾಟ್ ಆಂಪ್ ಏದುಸಿರು ಬಿಡಬಹುದು. ಸುಸ್ತಾದ ಆಂಪಿನ ವಾಲ್ಯೂಮ್ ಇನ್ನೂ ಏರಿಸುತ್ತಾ ಹೋದರೆ ಸದ್ದು ಒಡೆಯುತ್ತದೆ. ಟ್ವೀಟರ್ ಸುಡುವುದು ಹೀಗೇ.

ಅದಕ್ಕೇ ಹೇಳುತ್ತಿದ್ದೇನೆ: ಅದೇ ಕಂಪನಿಯ ಮೇಲಿನ ಸಾಲಿನಲ್ಲಿ, ಅದೇ ವಯಸ್ಸಿನ ಬುಕ್‌ಶೆಲ್ಫ್ ಸಾಮಾನ್ಯವಾಗಿ ಇರುತ್ತದೆ. ಹೆಚ್ಚಿನ ಸಲ ಅದೇ ಟ್ವೀಟರ್, ಪೆಟ್ಟಿಗೆ ಮಾತ್ರ ಚಿಕ್ಕದು. ಅದನ್ನು ಹುಡುಕಿ. ಉಳಿದ ದುಡ್ಡಲ್ಲಿ ಭಾರವಾದ ಸ್ಟ್ಯಾಂಡ್ ತೆಗೆದುಕೊಳ್ಳಿ.

ನಾನು ಹೊಸದನ್ನೇ ತೆಗೆದುಕೊಳ್ಳಿ ಅನ್ನುವ ಸಂದರ್ಭ ಒಂದಿದೆ. ಹಳೆಯದು ದೂರದ ಊರಲ್ಲಿದ್ದು, ಕೇಳದೆಯೇ ಪಾರ್ಸೆಲ್‌ನಲ್ಲಿ ತರಿಸಬೇಕಾದಾಗ. ಭಾರದ ಸ್ಪೀಕರ್ ದಾರಿಯಲ್ಲಿ ಒಮ್ಮೆ ಬಿದ್ದರೆ ಅಯಸ್ಕಾಂತವೇ ಜರುಗಬಹುದು, ಅಸಲಿ ಕಾರ್ಟನ್ ಇಲ್ಲದಿದ್ದರಂತೂ ಕೇಳುವುದೇ ಬೇಡ. ಬಹಳಷ್ಟು ಕಂಪನಿಗಳ ವಾರಂಟಿ ಎರಡನೇ ಮಾಲೀಕರಿಗೆ ಬರುವುದೂ ಇಲ್ಲ. ಆಗ ಅಂಗಡಿಯವರು ಡೆಮೋಗೆ ಇಟ್ಟಿದ್ದ ಜೋಡಿ ಕೊಡುತ್ತಾರಾ ಅಂತ ಮೊದಲು ಕೇಳಿ. ವಾರಂಟಿ ಇರುತ್ತದೆ, ಬೆಲೆಯೂ ಇಳಿದಿರುತ್ತದೆ.

ಇಷ್ಟೆಲ್ಲ ಕೇಳಿಯೂ ಮನಸ್ಸು ಆ ಫ್ಲೋರ್‌ಸ್ಟ್ಯಾಂಡರ್ ಕಡೆಗೇ ಎಳೆದರೆ, ಮಾಡೆಲ್ ಹೆಸರು ಮತ್ತು ವೂಫರ್ ಅಂಚಿನ ಹತ್ತಿರದ ಒಂದು ಫೋಟೋ ಇಲ್ಲಿ ಹಾಕಿ. ಫೋಮೋ ರಬ್ಬರೋ ಅಂತ ನೋಡಿ ಹೇಳುತ್ತೇನೆ.